ಮೂರು ಕೊಟೇಶನ್

ನನ್ನ ಗಂಡ ವೀರೇಂದ್ರ ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಪರ್ಚೇಸ್ ವಿಭಾಗ ನೋಡಿಕೊಳ್ಳುತ್ತಾರೆ. ಮೂರು ಕಡೆಯಿಂದ ಕೊಟೇಶನ್ ಬಾರದೆ ಅಲ್ಲಿ ಒಂದು ಬೋಲ್ಟೂ ಗೇಟು ದಾಟಿ ಒಳಗೆ ಬರುವಂತಿಲ್ಲ. ಕಾರ್ಖಾನೆಗೆ ಅದು ಸರಿ, ಯಾರು ಬೇಡ ಅಂದರು. ಆದರೆ ಈ ಮನುಷ್ಯ ಆ ಪದ್ಧತಿಯನ್ನು ಊಟದ ಡಬ್ಬಿಯ ಜೊತೆ ಮನೆಗೂ ಹೊತ್ತು ತರುತ್ತಾರೆ. ನಮ್ಮ ಮನೆಗೆ ಮಿಕ್ಸಿ ಬರುವಷ್ಟರಲ್ಲಿ ನನ್ನ ರಟ್ಟೆ ಬಿದ್ದು ಹೋಗಿತ್ತು. ಕಿಟಕಿಗೆ ಸೊಳ್ಳೆ ಪರದೆ ಹಾಕಿಸುವಷ್ಟರಲ್ಲಿ ಮನೆಮಂದಿಗೆಲ್ಲ ಒಂದೊಂದು ಸುತ್ತು ಡೆಂಗಿ ಬಂದು ಹೋಗಿತ್ತು. ಇದನ್ನೆಲ್ಲ ನೆಂಟರ ಮುಂದೆ ಹೇಳಿ ನಾನೇ ನಗಿಸುತ್ತಿದ್ದೆ, ನಮ್ಮವರೂ ಸೇರಿ ನಗುತ್ತಿದ್ದರು. ಪ್ರೊಜೆಕ್ಟರಿನ ವಿಷಯವನ್ನು ಮಾತ್ರ ನಾನು ಯಾರ ಮುಂದೆಯೂ ನಗುತ್ತ ಹೇಳಲಾರೆ.

ಮಾವ ಕೊಟ್ರಬಸಪ್ಪನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅತ್ತೆ ಹೋದ ಮೇಲೆ ವಿನೋಬನಗರದ ನಮ್ಮ ಮನೆಯಲ್ಲೇ ಇದ್ದಾರೆ. ಅವರಿಗೆ ಇಬ್ಬರೇ ಮಕ್ಕಳು. ನಮ್ಮವರು ದೊಡ್ಡವರು, ವಿದ್ಯಾಶ್ರೀ ಚಿಕ್ಕವಳು. ವಿದ್ಯಾಳನ್ನು ಭದ್ರಾವತಿಗೇ ಕೊಟ್ಟಿದ್ದರು. ಕೊರೊನಾದ ಎರಡನೇ ಅಲೆಯಲ್ಲಿ ಅವಳು ಹೋದಳು. ಆಸ್ಪತ್ರೆಯಿಂದ ಹೊರಗೆ ಬಂದದ್ದು ಬಾಯಿ ಮುಚ್ಚಿದ ಒಂದು ಚೀಲ. ಮಾವ ಆಸ್ಪತ್ರೆಯವರು ಅಡ್ಡ ಕಟ್ಟಿದ್ದ ಹಗ್ಗದ ಈಚೆ ನಿಂತು, "ಮುಖ ಒಂದು ತೋರ್ಸಿ ಸ್ವಾಮಿ" ಎಂದು ಕೈಮುಗಿದು ಕೇಳಿದರು. ಆಗ ತೋರಿಸುವ ಹಾಗಿರಲಿಲ್ಲ, ಬೈಯೋಣವೆಂದರೆ ಬೈಯಲು ಯಾರೂ ಇರಲಿಲ್ಲ. ಮಾವ ಹಾಗೇ ಮನೆಗೆ ಬಂದು ಸ್ನಾನ ಮಾಡಿದರು.

ಮರುವರ್ಷ ಅವರ ಕಣ್ಣು ಕೈಕೊಡತೊಡಗಿತು. ಕಣ್ಣಿನ ಒಳಗಿನ ಪರದೆ ಸವೆಯುವ ಕಾಯಿಲೆಯಂತೆ. ನೋಟದ ನಡುವೆ ಮಸುಕು, ಅಂಚಿನಲ್ಲಿ ಬೆಳಕು. ಎದುರಿಗೆ ಕೂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿಗೆ ಇಂಜೆಕ್ಷನ್ ಕೊಡುತ್ತಿದ್ದ ವೈದ್ಯರು, "ಇರೋದನ್ನ ಉಳಿಸ್ಕೊಳ್ಳೋಣ. ಆದ್ರೆ ಯಾವಾಗ ಏನಾಗುತ್ತೆ ಅಂತ ಹೇಳಕ್ಕಾಗಲ್ಲ" ಎಂದರು. ನಮ್ಮವರೂ ನನ್ನ ಪಕ್ಕದಲ್ಲೇ ಕೂತು ಆ ಮಾತನ್ನು ಕೇಳಿಸಿಕೊಂಡಿದ್ದರು. ಇದನ್ನು ನೆನಪಿಡಿ.

ಹೋದ ಬೇಸಿಗೆಯಲ್ಲಿ ಭದ್ರಾವತಿ ರಸ್ತೆಯ ಒಂದು ಕಲ್ಯಾಣಮಂಟಪದಲ್ಲಿ ನೆಂಟರ ಮದುವೆ. ಹಿಂದೆ ಕೂತವರಿಗೂ ಕಾಣಲಿ ಎಂದು ವೇದಿಕೆಯ ಪಕ್ಕದ ದೊಡ್ಡ ಪರದೆಯ ಮೇಲೆ ಹುಡುಗ ಹುಡುಗಿಯ ಮುಖ ಬಿಡುತ್ತಿದ್ದರು. ಮಾವ ಕುರ್ಚಿಯಲ್ಲಿ ಒಮ್ಮೆಲೇ ನೆಟ್ಟಗಾದರು. ಕತ್ತನ್ನು ಕೊಂಚ ಓರೆ ಮಾಡಿ ನೋಡಿದರು.

"ತನುಜಾ, ಹುಡುಗಿ ಮೂಗುಬೊಟ್ಟು ಕೆಂಪು ಹರಳಿಂದಾ?"

"ಹೌದು ಮಾವ."

"ನಂಗೆ ಕಾಣ್ತಿದೆ ಕಣವ್ವ," ಎಂದರು. ಎಷ್ಟೋ ತಿಂಗಳ ಮೇಲೆ ಅವರು ಒಂದು ಮುಖ ನೋಡಿದ್ದರು. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ.

ಕಾರಿನಲ್ಲಿ ಬರುವಾಗ ಮೆಲ್ಲಗೆ ಶುರುಮಾಡಿದರು. "ವೀರೂ, ನಮ್ಮ ವಿದ್ಯಾನ ಮದ್ವೆ ವಿಡಿಯೋ ಇದೆಯಲ್ಲ, ಅದನ್ನ ಹಂಗೆ ದೊಡ್ಡದಾಗಿ ನೋಡ್ಬೇಕಪ್ಪ. ಒಂದೇ ಒಂದ್ಸಲ ಸಾಕು."

"ಒಂದ್ಸಲ ಯಾಕೆ ಅಪ್ಪಾಜಿ, ಮನೆಗೇ ಒಂದು ಪ್ರೊಜೆಕ್ಟರ್ ತರ್ತೀನಿ. ದಿನಾ ನೋಡಿ," ಎಂದರು ನಮ್ಮವರು.

ಮಾವ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡರು. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ನನಗೂ ಗಂಡನ ಮೇಲೆ ಅಭಿಮಾನ ಉಕ್ಕಿತ್ತು.

ವಿಡಿಯೋದ ಸಿ.ಡಿ. ಇದ್ದದ್ದು ಭದ್ರಾವತಿಯಲ್ಲಿ, ವಿದ್ಯಾಳ ಗಂಡ ಶಿವಕುಮಾರನ ಮನೆಯಲ್ಲಿ. ಅವನು ಮತ್ತೆ ಮದುವೆಯಾಗಿದ್ದಾನೆ. ಅದು ತಪ್ಪು ಎಂದು ನಾನು ಹೇಳುವುದಿಲ್ಲ, ಆದರೆ ಆ ಹೊಸಿಲು ದಾಟುವ ಮುಂಚೆ ಬಾಗಿಲಲ್ಲೇ ಕೊಂಚ ನಿಂತದ್ದು ನಿಜ. ಹೊಸ ಹೆಂಡತಿ ಉಮಾಮಹೇಶ್ವರಿ ಬೀರುವಿನ ಮೇಲಿಂದ ಡಬ್ಬ ಇಳಿಸಿ, ಸಿ.ಡಿ.ಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.

"ನಾನು ನೋಡಿಲ್ಲ ಅಕ್ಕ. ಇವ್ರೂ ಹಾಕಲ್ಲ. ನೀವು ತಗೊಂಡು ಹೋಗಿ, ಇಲ್ಲಿದ್ರೆ ಬೂಷ್ಟು ಹಿಡಿದು ಹೋಗುತ್ತೆ," ಎಂದಳು. ಕುಂಕುಮ ಕೊಟ್ಟು ಕಳಿಸಿದಳು. ಒಳ್ಳೆಯ ಹೆಂಗಸು.

ಅಲ್ಲೇ ಪೇಟೆಯಲ್ಲಿ ಮಧುಸೂದನ ಎಂಬವರ ಸ್ಟುಡಿಯೋದಲ್ಲಿ ಅದನ್ನು ಪೆನ್‌ಡ್ರೈವಿಗೆ ಹಾಕಿಸಿದೆ. ಮಾತಿಗೆ ಮಾತು ಬಂದು ತಿಳಿಯಿತು, ಆ ಕಲ್ಯಾಣಮಂಟಪದ ಪರದೆ, ಪ್ರೊಜೆಕ್ಟರ್ ಎಲ್ಲ ಇವರದೇ. ಮನೆಗೂ ಬಾಡಿಗೆಗೆ ತರುತ್ತೀರಾ ಎಂದೆ. "ತರ್ತೀವಿ ಅಕ್ಕ. ಭಾನುವಾರ ಸಂಜೆ ಬಂದು ಹಾಕಿಕೊಟ್ಟು, ಮುಗಿದ ಮೇಲೆ ಬಿಚ್ಕೊಂಡು ಹೋಗ್ತೀವಿ," ಎಂದರು. ನಾನು ಒಪ್ಪಿ ಮುಂಗಡ ಕೊಟ್ಟು ಬಂದೆ. ಬಸ್ಸಿನಲ್ಲಿ ಪೆನ್‌ಡ್ರೈವನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ.

ಮನೆಗೆ ಬಂದು ಬಾಡಿಗೆಯ ವಿಷಯ ಹೇಳಿದ್ದೇ ತಡ, ನಮ್ಮವರ ಮುಖ ಸಪ್ಪಗಾಯಿತು.

"ಅದು ಮೀಟಿಂಗಿಗೆ ಹಾಕೋ ಅಂಥದ್ದು ಮಾರಾಯ್ತಿ. ರೆಸಲ್ಯೂಶನ್ ಏನೇನೂ ಇರಲ್ಲ. ಸಿ.ಡಿ. ಮೊದ್ಲೇ ಹಳೇದು. ಅಪ್ಪಾಜಿ ನೋಡೋದಾದ್ರೆ ನೀಟಾಗಿ ನೋಡ್ಲಿ."

"ಮದುವೆ ಮನೇಲಿ ಅದರಲ್ಲೇ ತಾನೆ ಅವರಿಗೆ ಮೂಗುಬೊಟ್ಟು ಕಂಡಿದ್ದು?"

"ಬಾಡಿಗೆ ದುಡ್ಡು ನೀರಿಗೆ ಹಾಕಿದ ಹಾಗೆ. ಒಂದು ಹದಿನೈದು ದಿನ ತಡಿ. ನಾನು ನೋಡಿ ಒಳ್ಳೇದು ತರ್ತೀನಿ."

ನ್ಯಾಯ ಕೇಳಲು ಮಾವನ ಹತ್ತಿರ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಬೇಡ ಬಿಡು ತಾಯಿ," ಎಂದರು. "ತರ್ತೀನಿ ಅಂದಿದಾನೆ. ನಾವು ಬೇರೆಯೋರ ಹತ್ರ ತರ್ಸಿದ್ರೆ ಅವನಿಗೆ ಬೇಜಾರಾಗುತ್ತೆ. ನಂದೇನು, ಕಾಯ್ತೀನಿ." ನಾನು ಮಧುಸೂದನರಿಗೆ ಫೋನ್ ಮಾಡಿ ಬೇಡವೆಂದೆ.

ಅಲ್ಲಿಂದ ಶುರುವಾಯಿತು ನೋಡಿ. ಊಟದ ತಟ್ಟೆಯ ಪಕ್ಕ ಮೊಬೈಲು, ಹಾಸಿಗೆಯಲ್ಲಿ ಮೊಬೈಲು, ಬೆಳಿಗ್ಗೆ ಹಲ್ಲುಜ್ಜುವಾಗಲೂ ಮೊಬೈಲು. ಯಾರೋ ಒಬ್ಬ ಕತ್ತಲ ಕೋಣೆಯಲ್ಲಿ ನಿಂತು ಪ್ರೊಜೆಕ್ಟರುಗಳನ್ನು ಹೊಗಳುತ್ತಾನೆ, ಇನ್ನೊಬ್ಬ ತೆಗಳುತ್ತಾನೆ, ನಮ್ಮವರು ಇಬ್ಬರಿಗೂ ತಲೆದೂಗುತ್ತಾರೆ. ಬೆಳಕನ್ನು ಲುಮೆನ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅದರಲ್ಲೂ ಅಸಲಿ ಬೇರೆ, ಅಂಗಡಿಯವರ ಬಾಯಿಮಾತಿನದು ಬೇರೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಫೋರ್ ಕೆ ಸಪೋರ್ಟ್ ಎಂದಿರುತ್ತದೆ, ಗೋಡೆಯ ಮೇಲೆ ಬೀಳುವ ಚಿತ್ರ ಅದರ ಕಾಲುಭಾಗವೂ ಇರುವುದಿಲ್ಲ. ನಿಜ ಬೇಕಾದರೆ ಕೆಳಗೆ ಸಣ್ಣ ಅಕ್ಷರದಲ್ಲಿ ನೇಟಿವ್, ಅಂದರೆ ಯಂತ್ರದ ಸ್ವಂತ ನಿಚ್ಚಳತೆ, ಎಂದು ಬರೆದದ್ದನ್ನು ಹುಡುಕಿ ಓದಬೇಕು. ಇದನ್ನೆಲ್ಲ ಈಗ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನಮ್ಮವರು ಕಾರ್ಖಾನೆಯಲ್ಲಿ ಮಾಡುವ ಹಾಗೆ ಮೂರು ಕಂಪನಿ ಆರಿಸಿ ಅಕ್ಕಪಕ್ಕ ಇಟ್ಟು ತೂಗಿದರು. ಒಂದು ಆರಿಸುವಷ್ಟರಲ್ಲಿ ನಾಲ್ಕನೆಯದು ಬರುತ್ತಿತ್ತು. ಮತ್ತೆ ಮೊದಲಿನಿಂದ.

ಅಪ್ಪಾಜಿಗೆ ಒಂದು ವಿಡಿಯೋ ತೋರಿಸುವ ಮಾತು ಯಾವಾಗ ಹೋಮ್ ಥಿಯೇಟರ್ ಆಯಿತೋ ನನಗೆ ಗೊತ್ತಾಗಲಿಲ್ಲ. ಮಹಡಿಯ ಕೋಣೆ ಖಾಲಿ ಮಾಡಿಸಿದರು. ಕಿಟಕಿಗೆ ಕಪ್ಪು ಪರದೆ ಬಂತು. ಗೋಡೆಗೆ ಎಂಥ ಬಿಳಿ ಬಳಿಯಬೇಕು ಎಂದು ಪೇಂಟಿನವನ ಜೊತೆ ವಾರಗಟ್ಟಲೆ ಚರ್ಚೆ. ಮೂಲೆಗೆ ಒಂದು ಸ್ಪೀಕರ್ ಬಂತು. "ಮಾವ ಮೆಟ್ಟಿಲು ಹತ್ತೋದು ಹೇಗೆ?" ಎಂದೆ. "ಕೈ ಹಿಡ್ಕೊಂಡು ಹತ್ತಿಸಿದ್ರಾಯ್ತು, ಕೆಳಗಡೆ ಬೆಳಕು ಜಾಸ್ತಿ, ಕಾಂಟ್ರಾಸ್ಟ್ ಸಿಗಲ್ಲ," ಎಂದರು.

ಆಷಾಢದಲ್ಲಿ ಹೊಸ ವಸ್ತು ಬೇಡ ಎಂದಾಯಿತು. ಶ್ರಾವಣ ಬಂದಾಗ ಆಗಸ್ಟ್ ಹದಿನೈದರ ಆಫರ್ ಬರಲಿ ಎಂದಾಯಿತು. ಅದು ಬಂದಾಗ, ದಸರಾ ಸೇಲಿನಲ್ಲಿ ಇನ್ನೂ ಇಳಿಯುತ್ತದೆ, ಮಹಾಲಯ ಅಮಾವಾಸ್ಯೆ ಕಳೆಯಲಿ ಎಂದಾಯಿತು. ನಡುನಡುವೆ ಮಾವ, "ವೀರೂ, ಯಾವ್ದು ಅಂತ ಆಯ್ತೇನಪ್ಪ?" ಎಂದು ಕೇಳುವರು. ನಮ್ಮವರು ಹುರುಪಿನಿಂದ ಎಲ್ಲ ವಿವರಿಸುವರು. "ಹೌದಾ? ಹಂಗಾದ್ರೆ ಅದೇ ಒಳ್ಳೇದು ಬಿಡು," ಎನ್ನುವರು ಮಾವ. ಒಮ್ಮೆ ನಾನು ಒಬ್ಬಳೇ ಇದ್ದಾಗ ಕರೆದು, "ತನುಜಾ, ಈ ನೇಟಿವ್ ಅಂದ್ರೆ ಏನವ್ವ?" ಎಂದರು. ನನಗೆ ತಿಳಿದಷ್ಟು ಹೇಳಿದೆ. "ನಂಗೆ ಅಷ್ಟೆಲ್ಲ ಬೇಡ. ಮುಖ ಕಂಡ್ರೆ ಸಾಕು," ಎಂದು, ಕೂಡಲೇ, "ಅವನಿಗೆ ಹೇಳ್ಬೇಡ ಮತ್ತೆ," ಎಂದರು.

ದಸರಾದಲ್ಲಿ ಒಂದು ಬಂತು. ಬಂದೇ ಬಿಟ್ಟಿತು ಎಂದು ನಾನು ದೇವರ ಮುಂದೆ ಇಟ್ಟಿದ್ದ ಪೆನ್‌ಡ್ರೈವ್ ತಂದೆ. ಮಾವ ಒಗೆದ ಬಿಳಿ ಅಂಗಿ ಹಾಕಿಕೊಂಡು ನಡುಮನೆಯ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಮೊದಲು ಕೆಳಗೇ ಪರೀಕ್ಷೆ ಮಾಡೋಣವೆಂದು ನಮ್ಮವರು ಡಬ್ಬ ಬಿಚ್ಚಿ, ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದರು. ಗೋಡೆ ತುಂಬ ಬೆಳಕಾಯಿತು. ಅಕ್ಷರಗಳು ಬಂದವು. ನನ್ನ ಕಣ್ಣಿಗೆ ಅದು ಥಳಥಳ ಅನ್ನುತ್ತಿತ್ತು. ನಮ್ಮವರು ಗೋಡೆಯ ಹತ್ತಿರ ಹೋಗಿ, ಚಿನ್ನದ ಒರೆ ನೋಡುವವರ ಹಾಗೆ ಅಕ್ಷರಗಳ ಅಂಚು ನೋಡಿದರು.

"ಇದು ನೇಟಿವ್ ಅಲ್ಲ. ಸುಳ್ಳು ಹೇಳಿ ಮಾರಿದಾರೆ. ವಾಪಸ್ ಕಳಿಸ್ಬೇಕು."

"ಕಳ್ಸಿ, ಯಾರು ಬೇಡ ಅಂದ್ರು. ಹೇಗೂ ಹಾಕಿದೀರಲ್ಲ, ವಿದ್ಯಾದು ಒಂದ್ಸಲ ಬಿಡಿ. ನೋಡಿ ಆದ ಮೇಲೆ ಕಟ್ಟಿ ಕಳ್ಸಿ."

"ಬಳಸಿದ್ದು ಅಂತ ಗೊತ್ತಾದ್ರೆ ರಿಟರ್ನ್ ತಗೊಳಲ್ಲ. ಎಷ್ಟು ಹೊತ್ತು ಓಡಿದೆ ಅಂತ ಮೆಷಿನ್ ಒಳಗೇ ದಾಖಲಾಗಿರುತ್ತೆ," ಎಂದವರೇ ಸ್ವಿಚ್ ಆರಿಸಿ ವೈರು ಕಿತ್ತರು.

ಗೋಡೆ ಮತ್ತೆ ಬರಿ ಗೋಡೆಯಾಯಿತು. ಪೆನ್‌ಡ್ರೈವ್ ನನ್ನ ಕೈಯಲ್ಲೇ ಇತ್ತು. ಮಾವ ಕೂತಲ್ಲಿಂದಲೇ, "ಆ ಬಿಳೀ ಬೆಳಕು ಕಾಣ್ತು ಕಣಪ್ಪ. ಚೆನ್ನಾಗಿತ್ತು. ನಿಂಗೆ ಸರಿ ಅನ್ನಿಸ್ದಿದ್ರೆ ಕಳ್ಸು," ಎಂದು ಎದ್ದು, ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋಗಿ ಅಂಗಿ ಬಿಚ್ಚಿ ಮಡಚಿಟ್ಟರು.

"ನೀವು ಮನುಷ್ಯರೇನ್ರೀ?" ಎಂದೆ ಗಂಡನಿಗೆ. ಮದುವೆಯಾದಾಗಿನಿಂದ ಆ ಮಾತು ಆಡಿರಲಿಲ್ಲ.

"ಸ್ವಲ್ಪ ತಡ್ಕೋ ತನು. ಒಳ್ಳೇದು ನೋಡಿ ತರ್ತೀನಲ್ಲ," ಎಂದರು, ಥರ್ಮೋಕೋಲನ್ನು ಇದ್ದ ಹಾಗೆಯೇ ಡಬ್ಬದೊಳಗೆ ಕೂರಿಸುತ್ತ. ಅವರ ದನಿಯಲ್ಲಿ ಕಪಟ ಇರಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ದೀಪಾವಳಿ ಕಳೆಯಿತು. ಹೊಸ ಮಾಡೆಲ್ ಬರುತ್ತದೆ ಎಂದು ಯಾರೋ ಹೇಳಿದ್ದರಿಂದ ಅದಕ್ಕಾಗಿ ಕಾಯುತ್ತಿದ್ದರು.

ಕಾರ್ತಿಕದ ಒಂದು ಬೆಳಿಗ್ಗೆ ಮಾವ ಪೂಜೆ ಮುಗಿಸಿ ತಿಂಡಿಗೆ ಬಂದರು. ದಿನಾ ಇಷ್ಟಲಿಂಗ ಪೂಜೆ ಮಾಡಿ ಹಣೆಗೆ ವಿಭೂತಿ ಧರಿಸುವವರು. ಆ ಮೂರು ಗೆರೆ ಎಳೆದದ್ದು ಒಂದು ದಿನವೂ ಸೊಟ್ಟಗಾದದ್ದನ್ನು ನಾನು ಕಂಡಿಲ್ಲ. ಅವತ್ತು ಗೆರೆಗಳು ಹುಬ್ಬಿನ ಮೇಲೆ ಇಳಿದು ಕೆನ್ನೆಗೆ ಹೋಗಿದ್ದವು. ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ ಸವರಿ ರೊಟ್ಟಿ ಹುಡುಕಿದರು. ನಮ್ಮವರು ಎದುರಿಗೇ ಕೂತು ಮೊಬೈಲು ನೋಡುತ್ತ ತಿಂಡಿ ತಿಂದು ಎದ್ದು ಹೋದರು.

ಬೈಕಿನ ಸದ್ದು ಬೀದಿ ದಾಟಿದ ಮೇಲೆ ಕೇಳಿದೆ. "ಮಾವ, ಎಡಗಣ್ಣಿಗೆ ಏನಾಯ್ತು?"

"ನಿನ್ನೆ ಸಂಜೆ ಕೆಂಪಗೆ ಏನೋ ಇಳಿದ ಹಾಗಾಯ್ತು. ಆಮೇಲೆ ಕಪ್ಪು. ಸರಿ ಹೋಗುತ್ತೇನೋ ಅಂತ ಸುಮ್ಮನಿದ್ದೆ."

ಆಟೋ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಳಗೆ ರಕ್ತಸ್ರಾವವಾಗಿದೆ, ಇನ್ನು ನೋಟ ಬರುವುದು ಕಷ್ಟ ಎಂದರು. ವಾಪಸ್ ಬರುವಾಗ ಮಾವ ನನ್ನ ಕೈ ಹಿಡಿದುಕೊಂಡೇ ಇದ್ದರು.

"ತಾಯಿ, ವೀರೂಗೆ ಹೇಳ್ಬೇಡ. ತಡ ಮಾಡ್ಬಿಟ್ಟೆ ಅಂತ ಜೀವನವಿಡೀ ಕೊರಗ್ತಾನೆ."

"ಕೊರಗ್ಲಿ ಬಿಡಿ ಮಾವ."

"ಹಂಗನ್ಬಾರ್ದು. ನನ್ನಾಣೆ."

ನಾನು ಹೇಳಲಿಲ್ಲ. ಮಾವನ ಆಣೆಗೆ ಅರ್ಧ, ಗಂಡನ ಮೇಲಿನ ಸಿಟ್ಟಿಗೆ ಅರ್ಧ. ಒಂದೇ ಸೂರಿನ ಕೆಳಗಿದ್ದು ಅಪ್ಪನ ಕಣ್ಣು ಹೋದದ್ದು ಮಗನಿಗೆ ತಾನಾಗಿಯೇ ತಿಳಿಯಲಿ ಎಂದು ಕಾದೆ. ಮಾವ ಮೊದಲೂ ತಡವರಿಸಿಕೊಂಡೇ ಓಡಾಡುತ್ತಿದ್ದರು, ಈಗಲೂ ಹಾಗೇ ಓಡಾಡಿದರು. ದಿನಾ ಬೆಳಿಗ್ಗೆ ನಾನೇ ಅವರ ಹಣೆಯ ವಿಭೂತಿ ತಿದ್ದುತ್ತಿದ್ದೆ. ನಮ್ಮವರು ಒಂದು ಪ್ರೊಜೆಕ್ಟರಿನ ಚಿತ್ರದ ಅಂಚಿನಲ್ಲಿ ಎಳೆಯಷ್ಟು ಮಸುಕಿದ್ದರೆ ಹಿಡಿಯಬಲ್ಲವರು. ಅವರಿಗೆ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬಂತು ಆ ಮಹಾರಾಯ ಪ್ರೊಜೆಕ್ಟರ್. ನಿಜವಾದ ನೇಟಿವ್, ಬೆಲೆಯೂ ಕೈಗೆಟುಕುವಂಥದ್ದು, ಮೂರರಲ್ಲಿ ಅದೇ ಒಳ್ಳೆಯದಂತೆ. ಭಾನುವಾರ ಸಂಜೆ ಮಾವ ಅದೇ ಬಿಳಿ ಅಂಗಿ ಹಾಕಿಕೊಂಡರು. ನಾನು ಕೈ ಹಿಡಿದು ಮಹಡಿ ಹತ್ತಿಸಿದೆ. ಪ್ರತಿ ಮೆಟ್ಟಿಲಿಗೂ ಅವರ ಕಾಲು ಗಾಳಿಯಲ್ಲಿ ಒಮ್ಮೆ ಹುಡುಕಿ ಆಮೇಲೆ ಊರುತ್ತಿತ್ತು. ನಮ್ಮವರು ಮೇಲೆ ವೈರು ಜೋಡಿಸುವುದರಲ್ಲಿ ಮುಳುಗಿದ್ದರು.

ದೀಪ ಆರಿಸಿದರು. ಯಂತ್ರದ ಫ್ಯಾನು ಗುಂಯ್ ಅನ್ನತೊಡಗಿತು. ಗೋಡೆಯ ಮೇಲೆ ನೀಲಿ ಬಣ್ಣ, ನಡುವೆ ಸಿಗ್ನಲ್ ಇಲ್ಲ ಎಂಬ ಇಂಗ್ಲಿಷ್ ಅಕ್ಷರ, ಅಷ್ಟೇ. ನಮ್ಮವರು ರಿಮೋಟು ಒತ್ತಿದರು. ಏನೋ ತಾಪತ್ರಯವಾಗಿ ಚಿತ್ರ ಬರಲಿಲ್ಲ, ಸದ್ದು ಮಾತ್ರ ಬಂತು. ಮೂಲೆಯ ಸ್ಪೀಕರಿನಿಂದ ನಾದಸ್ವರ, ಡೋಲು, ಮದುವೆ ಮನೆಯ ಗದ್ದಲ.

ಮಾವ ಸದ್ದು ಬಂದ ಕಡೆಗೆ, ಆ ಮೂಲೆಗೆ, ಮುಖ ತಿರುಗಿಸಿದರು. ಕತ್ತನ್ನು ಮೊದಲಿನ ಹಾಗೆ ಓರೆ ಮಾಡಿದರು.

"ಏನ್ ನಿಚ್ಚಳ ಬಂದಿದೆಯಪ್ಪ ವೀರೂ," ಎಂದರು. "ವಿದ್ಯಾನ ಮೂಗುಬೊಟ್ಟು ಹೆಂಗೆ ಹೊಳೀತಿದೆ ನೋಡು."

ನಮ್ಮವರು ತಿರುಗಿದರು. ನೀಲಿ ಬೆಳಕಿನಲ್ಲಿ ಅವರಿಗೆ ಅಪ್ಪನ ಮುಖ ಕಂಡಿತು, ಗೋಡೆಯನ್ನು ಬಿಟ್ಟು ಮೂಲೆಯತ್ತ ನಗುತ್ತಿದ್ದ ಮುಖ. ಅವರು ನನ್ನ ಕಡೆ ನೋಡಿದರು. ಹೌದು ಎಂದು ನಾನು ತಲೆಯಾಡಿಸಿದೆ. ಅದನ್ನು ಮಾಡುವಾಗ ನನಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಅಷ್ಟರಲ್ಲಿ ಚಿತ್ರ ತಾನಾಗಿಯೇ ಮೂಡಿತು. ಗೋಡೆ ತುಂಬ ವಿದ್ಯಾ. ಹಳೆಯ ಸಿ.ಡಿ.ಯ ಚಿತ್ರ ಅಷ್ಟು ದೊಡ್ಡದಾದಾಗ ಬಣ್ಣದ ಚೌಕಗಳಾಗಿ ಒಡೆದು ಹೋಗಿತ್ತು. ಮೇಲಿಂದ ಗುಲಾಬಿ ದಳ, ಹೃದಯದ ಗುರುತು ಸುರಿಯುವ ಹಾಗೆ ವಿಡಿಯೋದವರು ಅಲಂಕಾರ ಬೇರೆ ಮಾಡಿದ್ದರು. ಇಷ್ಟು ತಿಂಗಳು ತೂಗಿ ಅಳೆದು ತಂದ ರೆಸಲ್ಯೂಶನ್ ತೋರಿಸಿದ್ದು ಆ ಹೃದಯಗಳ ಅಂಚನ್ನು. ಮೂಗುಬೊಟ್ಟು ನನಗೂ ಕಾಣಲಿಲ್ಲ.

"ಈಗ ತಾಳಿ ಕಟ್ತಿದಾನೆ," ಎಂದರು ಮಾವ. ವಾದ್ಯ ಜೋರಾದದ್ದು ಕೇಳಿ ಹೇಳಿದ್ದು, ಸರಿಯಾಗಿಯೇ ಇತ್ತು. ಆಮೇಲೆ, "ನಗ್ತಿದಾಳೆ, ನೋಡ್ರೋ," ಎಂದರು. ಆ ಹೊತ್ತಿಗೆ ಗೋಡೆಯ ಮೇಲೆ ಊಟದ ಸಾಲಿನಲ್ಲಿ ಯಾರೋ ಪಾಯಸ ಬಡಿಸುತ್ತಿದ್ದರು.

ನಮ್ಮವರು ಬಂದು ಅಪ್ಪನ ಪಕ್ಕ ಕೂತರು. "ಹೂಂ ಅಪ್ಪಾಜಿ," ಎಂದರು. "ನಗ್ತಿದಾಳೆ."

ಕಡೆಯವರೆಗೂ ಇಬ್ಬರೂ ಹಾಗೇ ಕೂತಿದ್ದರು. ನಾನು ಅಳು ತಡೆಯಲಾಗದೆ ಕೆಳಗೆ ಬಂದು ಅನ್ನಕ್ಕಿಟ್ಟೆ.

ಕೆಲವು ದಿನದ ಮೇಲೆ ನಮ್ಮವರ ಮೊಬೈಲಿಗೆ ಪ್ರೊಜೆಕ್ಟರ್ ಮಾರಿದ ಆನ್‌ಲೈನ್ ಅಂಗಡಿಯಿಂದ, ನೀವು ಬರೆದ ಅನಿಸಿಕೆಯಿಂದ ಬಹಳ ಜನರಿಗೆ ಉಪಯೋಗವಾಗಿದೆ ಎಂದು ಸಂದೇಶ ಬಂತು. ತೆರೆದು ನೋಡಿದೆ. ಪ್ರೊಜೆಕ್ಟರಿನ ಬಗ್ಗೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಿದ್ದರು. ನೇಟಿವ್ ರೆಸಲ್ಯೂಶನ್ ನಿಜ, ಬೆಲೆಗೆ ತಕ್ಕ ವಸ್ತು, ಫ್ಯಾನಿನ ಸದ್ದು ಸ್ವಲ್ಪ ಹೆಚ್ಚು. ಕೊನೆಯಲ್ಲಿ ಒಂದು ಸಾಲು: ಕಣ್ಣು ಮಂಜಾದ ನನ್ನ ತಂದೆಗೂ ನನ್ನ ತಂಗಿಯ ಮೂಗುಬೊಟ್ಟು ಸ್ಪಷ್ಟವಾಗಿ ಕಂಡಿತು.

ನನಗೆ ಮೈಯೆಲ್ಲ ಉರಿದು ಹೋಯಿತು. ಮೊಬೈಲನ್ನು ಅವರ ಮುಂದೆ ಹಿಡಿದೆ. "ಮಾವನಿಗೆ ಏನೂ ಕಾಣಲ್ಲ ಅಂತ ಗೊತ್ತಿದ್ದೂ ಇದನ್ನ ಹೇಗೆ ಬರೆದ್ರಿ?"

ಅವರು ಮೊಬೈಲನ್ನು ಈಸಿಕೊಂಡು ಮೇಜಿನ ಮೇಲೆ ಕವುಚಿಟ್ಟರು. "ಅಪ್ಪಾಜಿ ಹೇಳಿದ್ದನ್ನೇ ಬರೆದಿದೀನಿ," ಎಂದರು.

ಈಗಲೂ ಪ್ರತಿ ಭಾನುವಾರ ಸಂಜೆ ಮಾವ ಬಿಳಿ ಅಂಗಿ ಹಾಕಿಕೊಂಡು ಮಹಡಿ ಹತ್ತುತ್ತಾರೆ. ಮಗ ಬೇಜಾರು ಮಾಡಿಕೊಳ್ಳಬಾರದು ಎಂದು ಅಪ್ಪ ಹೋಗುತ್ತಾರೆ, ಅಪ್ಪ ಬೇಜಾರು ಮಾಡಿಕೊಳ್ಳಬಾರದು ಎಂದು ಮಗ ಹಾಕುತ್ತಾರೆ. ಎರಡನೇ ಭಾನುವಾರ ನಾನು ಕಾಫಿ ತೆಗೆದುಕೊಂಡು ಮೇಲೆ ಹೋದಾಗ ಮಾವನ ಮುಖ ಸರಿಯಾಗಿ ಗೋಡೆಯ ಕಡೆಗೇ ಇತ್ತು. ಕಣ್ಣು ಬಂತೋ ಏನೋ ಎಂದು ಒಂದು ಗಳಿಗೆ ನನಗೆ ಅನ್ನಿಸಿತು. ಆಮೇಲೆ ನೋಡಿದರೆ ಮೂಲೆಯಲ್ಲಿ ಸ್ಪೀಕರ್ ಇರಲಿಲ್ಲ. ನಮ್ಮವರು ಅದನ್ನು ತಂದು ಗೋಡೆಯ ನಡುವೆ, ವಿದ್ಯಾಳ ಮುಖ ಬೀಳುವ ಜಾಗದ ಕೆಳಗೆ ಇಟ್ಟಿದ್ದರು. ಆ ಕೆಲಸಕ್ಕೆ ಅವರು ಯಾವ ಕೊಟೇಶನ್ನಿಗೂ ಕಾದಿರಲಿಲ್ಲ.